ಬೇಸಿಗೆಯ ಬಿಸಿಲು, ಚಳಿಗಾಲದ ಮನೆ

ನಮ್ಮ ಊರುಗಳಲ್ಲಿ ಮಾಳಿಗೆಯ ಮೇಲೆ ಸೋಲಾರ್ ವಾಟರ್ ಹೀಟರ್ ಇರುವುದು ಹೊಸ ಸಂಗತಿಯೇನಲ್ಲ. ಹಗಲು ಕಾದ ನೀರು ತೊಟ್ಟಿಯಲ್ಲಿ ನಿಂತು ಮರುದಿನ ಬೆಳಗಿನ ಸ್ನಾನಕ್ಕೆ ಒದಗುತ್ತದೆ. ಬಿಸಿಲು ಬಂದ ಹೊತ್ತಿಗೂ ಬಿಸಿನೀರು ಬೇಕಾದ ಹೊತ್ತಿಗೂ ನಡುವೆ ಇರುವುದು ಒಂದು ರಾತ್ರಿಯ ಅಂತರ. ಈ ಅಂತರ ಆರು ತಿಂಗಳಾದರೆ ಏನು ಮಾಡಬೇಕು?

ಉತ್ತರ ಯೂರೋಪಿನ ದೇಶಗಳ ಮುಂದಿರುವ ಪ್ರಶ್ನೆ ಇದೇ. ಡೆನ್ಮಾರ್ಕಿನಲ್ಲಿ ಜೂನ್ ತಿಂಗಳ ಹಗಲು ಸುಮಾರು 17 ಗಂಟೆ. ಡಿಸೆಂಬರಿನಲ್ಲಿ ಸುಮಾರು 7 ಗಂಟೆ ಮಾತ್ರ. ಬಿಸಿಲು ಹೇರಳವಾಗಿದ್ದಾಗ ಮನೆ ಬೆಚ್ಚಗಿಡುವ ಅಗತ್ಯವಿಲ್ಲ. ಅಗತ್ಯವಿದ್ದಾಗ ಬಿಸಿಲಿಲ್ಲ.

ಊರಿಗೆಲ್ಲ ಒಂದೇ ಒಲೆ

ಅಲ್ಲಿನ ಬಹುಪಾಲು ಊರುಗಳಲ್ಲಿ ಮನೆಗೊಂದು ಒಲೆ ಇಲ್ಲ. ಒಂದು ಶಾಖ ಕೇಂದ್ರದಲ್ಲಿ ನೀರು ಕಾಯಿಸಿ, ನೆಲದಡಿಯ ಕೊಳವೆಗಳ ಮೂಲಕ ಮನೆಮನೆಗೆ ಕಳುಹಿಸುತ್ತಾರೆ. ಆ ನೀರು ಮನೆಗೆ ಶಾಖ ಕೊಟ್ಟು, ತಣಿದು, ಇನ್ನೊಂದು ಕೊಳವೆಯಲ್ಲಿ ಕೇಂದ್ರಕ್ಕೆ ಮರಳುತ್ತದೆ. 1973ರ ತೈಲ ಬಿಕ್ಕಟ್ಟು ಡೆನ್ಮಾರ್ಕಿಗೆ ದೊಡ್ಡ ಪೆಟ್ಟು ಕೊಟ್ಟಿತು. 1979ರಲ್ಲಿ ಶಾಖ ಪೂರೈಕೆಗೆಂದೇ ಅಲ್ಲಿ ಒಂದು ಕಾಯಿದೆ ಬಂದಿತು. ಇಂದು ಆ ದೇಶದ ಸುಮಾರು ಮೂರನೆಯ ಎರಡು ಭಾಗ ಮನೆಗಳು ಇಂಥ ಶಾಖ ಜಾಲಗಳಿಗೆ ಸೇರಿವೆ.

ಸೂರ್ಯ ಈ ಜಾಲವನ್ನು ಸೇರುವುದು ಹೇಗೆ? ಊರಿನ ಅಂಚಿನ ಬಯಲಿನಲ್ಲಿ ಸೌರ ಫಲಕಗಳನ್ನು ಸಾಲುಸಾಲಾಗಿ ನಿಲ್ಲಿಸುತ್ತಾರೆ. ಇವು ವಿದ್ಯುತ್ ಫಲಕಗಳಲ್ಲ, ಶಾಖ ಫಲಕಗಳು. ಇವುಗಳೊಳಗೆ ಹರಿಯುವುದು ಚಳಿಗೆ ಹೆಪ್ಪುಗಟ್ಟದಂತೆ ಗ್ಲೈಕಾಲ್ ಬೆರೆಸಿದ ನೀರು. ಅದು ತನ್ನ ಶಾಖವನ್ನು ಶಾಖ ವಿನಿಮಯಕದ ಮೂಲಕ ಜಾಲದ ನೀರಿಗೆ ಒಪ್ಪಿಸುತ್ತದೆ. ಎರಡು ನೀರೂ ಬೆರೆಯುವುದಿಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ. ಫಲಕ ಬಿಸಿಯಾದಷ್ಟೂ ಸುತ್ತಲಿನ ಗಾಳಿಗೆ ಹೆಚ್ಚು ಶಾಖವನ್ನು ಬಿಟ್ಟುಕೊಡುತ್ತದೆ. ಆದ್ದರಿಂದ ಜಾಲದಿಂದ ಮರಳಿ ಬರುವ ನೀರು ತಣ್ಣಗಿದ್ದಷ್ಟೂ ಫಲಕದ ಕೆಲಸ ಚೆನ್ನಾಗಿ ನಡೆಯುತ್ತದೆ. 60 ಡಿಗ್ರಿಯಲ್ಲಿ ಮರಳುವ ನೀರಿಗಿಂತ 40 ಡಿಗ್ರಿಯಲ್ಲಿ ಮರಳುವ ನೀರು ಸೂರ್ಯನಿಗೆ ಅನುಕೂಲ. ಗೋಡೆ ಕಿಟಕಿಗಳಿಂದ ಶಾಖ ಸೋರದ ಮನೆಗಳಿಗೆ ಕಡಿಮೆ ಬಿಸಿಯ ನೀರು ಸಾಕು. ಮನೆಗಳನ್ನು ಸುಧಾರಿಸುವುದೂ ಸೌರಶಾಖ ಯೋಜನೆಯ ಭಾಗವೇ ಆಗಿದೆ.

ಹಂಡೆ ಮತ್ತು ಚೊಂಬು

ಇನ್ನು ಆರು ತಿಂಗಳ ಅಂತರದ ಪ್ರಶ್ನೆ. ಬಚ್ಚಲುಮನೆಯ ಹಂಡೆಯಲ್ಲಿ ಕಾಯಿಸಿದ ನೀರು ಬಹಳ ಹೊತ್ತು ಬಿಸಿಯಾಗಿರುತ್ತದೆ. ಅದೇ ನೀರನ್ನು ಚೊಂಬಿಗೆ ತೋಡಿಟ್ಟರೆ ಬೇಗ ಆರುತ್ತದೆ. ಕಾರಣ ಸರಳ: ಶಾಖ ಉಳಿಯುವುದು ಗಾತ್ರದಲ್ಲಿ, ಸೋರುವುದು ಮೇಲ್ಮೈಯಲ್ಲಿ. 1 ಮೀಟರ್ ಬದಿಯ ಘನಾಕೃತಿಯಲ್ಲಿ 1 ಘನಮೀಟರ್ ನೀರಿಗೆ 6 ಚದರ ಮೀಟರ್ ಮೇಲ್ಮೈ ಇರುತ್ತದೆ. ಬದಿ 10 ಮೀಟರ್ ಆದರೆ 1,000 ಘನಮೀಟರಿಗೆ 600 ಚದರ ಮೀಟರ್. ಪ್ರತಿ ಘನಮೀಟರಿನ ಪಾಲಿಗೆ ಬರುವ ಮೇಲ್ಮೈ ಹತ್ತನೆಯ ಒಂದಕ್ಕೆ ಇಳಿಯಿತು! ಒಂದು ಮನೆಯ ತೊಟ್ಟಿ ಮಾಡಲಾರದ ಕೆಲಸವನ್ನು ಇಡೀ ಊರಿನ ಹೊಂಡ ಮಾಡಬಲ್ಲದು.

ಏರೋ ದ್ವೀಪದ ಮಾರ್ಸ್ಟಾಲ್ ಎಂಬ ಪುಟ್ಟ ಪಟ್ಟಣ ಇದನ್ನು ಮಾಡಿ ತೋರಿಸಿದೆ. 1996ರಲ್ಲಿ ಸುಮಾರು 8,000 ಚದರ ಮೀಟರ್ ಫಲಕಗಳಿಂದ ಆರಂಭಿಸಿ, 2012ರ ಹೊತ್ತಿಗೆ ಸುಮಾರು 33,000 ಚದರ ಮೀಟರಿಗೆ ಬೆಳೆಯಿತು. ಜೊತೆಗೆ 75,000 ಘನಮೀಟರ್ ನೀರಿನ ಹೊಂಡವನ್ನೂ ತೋಡಿದರು. ನಮ್ಮ ರೈತರ ಕೃಷಿ ಹೊಂಡದಂತೆ ಇದಕ್ಕೂ ಪ್ಲಾಸ್ಟಿಕ್ ಹಾಳೆಯ ಹಾಸು; ಮೇಲೆ ಶಾಖ ತಡೆಯುವ ತೇಲುವ ಮುಚ್ಚಳ. 1 ಘನಮೀಟರ್ ನೀರನ್ನು 1 ಡಿಗ್ರಿ ಕಾಯಿಸಲು 1.16 ಯೂನಿಟ್ ಶಕ್ತಿ ಬೇಕು. ಹೊಂಡವನ್ನು 50 ಡಿಗ್ರಿಯಷ್ಟು ಏರಿಸಿದರೆ ಕೂಡಿಟ್ಟ ಶಾಖ ಸುಮಾರು 43 ಲಕ್ಷ ಯೂನಿಟ್. ಹೊಂಡದ ನೀರು ತಣಿಯುತ್ತ ಬಂದಾಗ, ಉಳಿದ ಶಾಖವನ್ನು ಹೀಟ್ ಪಂಪ್ ಹೀರಿ ಮೇಲೆತ್ತುತ್ತದೆ. ಮರದ ಚೂರು ಉರಿಸುವ ಕುಲುಮೆಯೂ ನೆರವಿಗಿದೆ.

ತೊಡಕು ಇಲ್ಲದಿಲ್ಲ. ಮುಚ್ಚಳದೊಳಗೆ ತೇವ ಸೇರಿ ಅದರ ಗುಣ ಕುಂದಿತು, ಅದನ್ನು ಬದಲಾಯಿಸಬೇಕಾಯಿತು. ಇಂಥ ಹೊಂಡದಲ್ಲಿ ಅತಿ ಕಠಿಣವಾದ ಭಾಗ ಈ ಮುಚ್ಚಳವೇ.

ಪಟ್ಟಣದಿಂದ ನಗರಕ್ಕೆ

ಸಿಲ್ಕೆಬೋರ್ಗ್ ನಗರದ ಸ್ಥಾವರ ಇನ್ನೂ ದೊಡ್ಡದು: 1,56,000 ಚದರ ಮೀಟರಿಗೂ ಮಿಕ್ಕಿದ ಫಲಕಗಳು, 110 ಮೆಗಾವಾಟ್ ಸಾಮರ್ಥ್ಯ. ಆದರೂ ಅದರಿಂದ ದೊರೆಯುವುದು ಜಾಲದ ವಾರ್ಷಿಕ ಶಾಖದ ಸುಮಾರು ಐದನೆಯ ಒಂದು ಭಾಗ. ನಗರ ಬೆಳೆದಂತೆ ಬೇಡಿಕೆ ಏರುತ್ತದೆ, ಖಾಲಿ ನೆಲ ದುಬಾರಿಯಾಗುತ್ತದೆ. ಅದಕ್ಕೇ ಆಸ್ಟ್ರಿಯಾದ ಗ್ರಾಜ್ ನಗರದವರು ಛಾವಣಿಗಳತ್ತ ನೋಡಿದರು. 2002ರಲ್ಲಿ ಅಲ್ಲಿನ ಲೀಬೆನಾವು ಕ್ರೀಡಾಂಗಣದ ಆವರಣದ ಛಾವಣಿಯ ಮೇಲೆ ಸುಮಾರು 1,400 ಚದರ ಮೀಟರ್ ಫಲಕಗಳನ್ನು ಕೂಡಿಸಿ ಜಾಲಕ್ಕೆ ಜೋಡಿಸಿದರು.

ಮತ್ತೊಂದು ಪೈಪೋಟಿಯೂ ಉಂಟು. ದೊಡ್ಡ ನಗರಗಳಲ್ಲಿ ಕಸ ಸುಡುವ ಸ್ಥಾವರದ ಶಾಖ ಬೇಸಿಗೆಯಲ್ಲೂ ಬರುತ್ತಲೇ ಇರುತ್ತದೆ. ಆಗ ಬೇಕಾಗುವುದು ಸ್ನಾನ, ಪಾತ್ರೆಗಳಿಗೆ ಸಾಕಾಗುವಷ್ಟು ಬಿಸಿನೀರು ಮಾತ್ರ. ಅದನ್ನು ಕಸದ ಶಾಖವೇ ಪೂರೈಸಿಬಿಟ್ಟರೆ ಸೂರ್ಯನ ಶಾಖಕ್ಕೆ ಗಿರಾಕಿ ಎಲ್ಲಿ? ಅದನ್ನು ಕೂಡಿಡಲು ಸಾಧ್ಯವಾದರೆ ಮಾತ್ರ ಚಳಿಗಾಲದಲ್ಲಿ ಉರಿಯುವ ಅನಿಲ, ಕಲ್ಲಿದ್ದಲು ಉಳಿಯುತ್ತದೆ. ಆದ್ದರಿಂದ ನಗರದ ಸೌರಶಾಖ ಯೋಜನೆಯಲ್ಲಿ ಫಲಕಗಳಿಗೆ ಎಷ್ಟು ಜಾಗವಿದೆ ಎಂಬುದರ ಜೊತೆಗೇ ಹೊಂಡಕ್ಕೆ ಜಾಗ ಎಲ್ಲಿದೆ ಎಂದೂ ಕೇಳಬೇಕಾಗುತ್ತದೆ.

ಮಾಡಿ ನೋಡಿ

ಒಂದೇ ಬಿಸಿಯ ನೀರನ್ನು ಒಂದು ಲೋಟಕ್ಕೂ ಅದೇ ಲೋಹದ ಒಂದು ದೊಡ್ಡ ಪಾತ್ರೆಗೂ ತುಂಬಿ, ಎರಡನ್ನೂ ಮುಚ್ಚಿಡಿ. ಹತ್ತು ನಿಮಿಷಕ್ಕೊಮ್ಮೆ ಉಷ್ಣಮಾಪಕದಿಂದ ಅಳೆದು ನಕ್ಷೆ ಬರೆಯಿರಿ. ಬಳಿಕ ದೊಡ್ಡ ಪಾತ್ರೆಗೆ ಕಂಬಳಿ ಸುತ್ತಿ ಮತ್ತೆ ಅಳೆಯಿರಿ. ಮಾರ್ಸ್ಟಾಲಿನ ಹೊಂಡದ ಗುಟ್ಟು ನಿಮ್ಮ ನಕ್ಷೆಯಲ್ಲೇ ಕಾಣುತ್ತದೆ.