ಊರೇ ರೋಗಿಯಾದಾಗ

1957ರ ಆದಿಯಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಅಂಚಿನ ಹಳ್ಳಿಗಳಲ್ಲಿ ಹಿಂದೆಂದೂ ಕಾಣದ ಜ್ವರವೊಂದು ತಲೆದೋರಿತು. ಸಹಿಸಲಾರದ ತಲೆನೋವು, ಮೈಕೈನೋವು, ಕೆಲವರಿಗೆ ರಕ್ತಸ್ರಾವ, ಹಲವರು ಅಸುನೀಗಿದರು. ಅದೇ ಸಮಯದಲ್ಲಿ ಕಾಡಿನಲ್ಲಿ ಮಂಗಗಳೂ ಸತ್ತು ಬೀಳುತ್ತಿದ್ದುವು. ಜನರು ಇದನ್ನು ‘ಮಂಗನ ಕಾಯಿಲೆ’ ಎಂದು ಕರೆದರು.

ರೋಗಿಯ ಹಾಸಿಗೆಯ ಬಳಿ ನಿಂತ ವೈದ್ಯನ ಪ್ರಶ್ನೆ ಒಂದೇ: ಇವನನ್ನು ಉಳಿಸುವುದು ಹೇಗೆ? ಸಾರ್ವಜನಿಕ ಆರೋಗ್ಯದ ಕೆಲಸಗಾರನ ಪ್ರಶ್ನೆಗಳು ಬೇರೆ. ಕಾಯಿಲೆ ಯಾರಿಗೆ ಬಂದಿತು? ಎಲ್ಲಿ, ಯಾವಾಗ ಬಂದಿತು? ನೆರೆಮನೆಯವನಿಗೆ ಏಕೆ ಬರಲಿಲ್ಲ? ಅವನ ಪಾಲಿಗೆ ಊರೇ ರೋಗಿ.

ದಕ್ಷಿಣ ಅಮೆರಿಕದಲ್ಲಿ ಹಳದಿ ಜ್ವರ ಹಬ್ಬಿದಾಗಲೂ ಮಂಗಗಳು ಸಾಯುವುದುಂಟು. ಆದುದರಿಂದ ಇದೂ ಅದೇ ಇರಬಹುದೆಂಬ ಭೀತಿ ಹುಟ್ಟಿತು. ಹಳದಿ ಜ್ವರವನ್ನು ಹರಡುವುದು ಸೊಳ್ಳೆ. ಊಹೆಯನ್ನೇ ನಂಬಿದ್ದರೆ ಶ್ರಮವೆಲ್ಲವೂ ಸೊಳ್ಳೆಯ ಬೆನ್ನು ಹತ್ತಿ ವ್ಯರ್ಥವಾಗುತ್ತಿತ್ತು. ಪುಣೆಯ ವೈರಸ್ ಸಂಶೋಧನ ಕೇಂದ್ರದ ವಿಜ್ಞಾನಿಗಳು ಕಾಡಿಗೆ ಬಂದು ಪರೀಕ್ಷಿಸಿದರು. ಕಾರಣ ಹೊಸದೊಂದು ವೈರಸ್. ಅದನ್ನು ಸಾಗಿಸುವುದು ಕಾಡಿನ ಉಣುಗು ಎಂಬುದು ತಿಳಿದುಬಂದಿತು. ಸೌದೆಗೋ ಸೊಪ್ಪಿಗೋ ಕಾಡು ಹೊಕ್ಕವರಿಗೆ ಉಣುಗು ಕಚ್ಚಿ ರೋಗ ತಗಲುತ್ತಿತ್ತು.

ಈ ಒಗಟನ್ನು ಬಿಡಿಸಲು ವೈದ್ಯನೊಬ್ಬನೇ ಸಾಲದು. ರಕ್ತವನ್ನು ಪರೀಕ್ಷಿಸುವ ವೈರಸ್ ತಜ್ಞ, ಉಣುಗನ್ನು ಗುರುತಿಸುವ ಕೀಟಶಾಸ್ತ್ರಜ್ಞ, ಸತ್ತ ಮಂಗವನ್ನು ಪರಿಶೀಲಿಸುವ ಪ್ರಾಣಿತಜ್ಞ, ಅಂಕಿಗಳನ್ನು ತೂಗಿನೋಡುವ ಸಂಖ್ಯಾಶಾಸ್ತ್ರಜ್ಞ, ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತೆ, ಎಲ್ಲರೂ ಬೇಕು. ಆದುದರಿಂದಲೇ ಈ ವೃತ್ತಿಗೆ ಬಾಗಿಲುಗಳು ಹಲವು.

ವೈದ್ಯ ಪದವೀಧರರು ಸಮುದಾಯ ವೈದ್ಯಶಾಸ್ತ್ರದಲ್ಲಿ ಮೂರು ವರ್ಷಗಳ ಎಂ.ಡಿ. ಮಾಡಬಹುದು. ದಾದಿ ಶಿಕ್ಷಣ, ಪಶುವೈದ್ಯ, ಜೀವಶಾಸ್ತ್ರ, ಸಂಖ್ಯಾಶಾಸ್ತ್ರ ಮೊದಲಾದವನ್ನು ಓದಿದವರಿಗೂ ಅನೇಕ ಕಡೆ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಶಿಕ್ಷಣ ದೊರೆಯುತ್ತದೆ. ಅದು ಸಾಮಾನ್ಯವಾಗಿ ಎರಡು ವರ್ಷಗಳದು. ಕೋಲ್ಕತ್ತದಲ್ಲಿ 1932ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಆರೋಗ್ಯಶಾಸ್ತ್ರ ಸಂಸ್ಥೆ ಈ ವಿದ್ಯೆಯ ಹಳೆಯ ನೆಲೆಗಳಲ್ಲೊಂದು. ಆದರೆ ಪದವಿಯಿಂದಲೇ ಪರಿಣತಿ ಬರುವುದಿಲ್ಲ. ಹಳ್ಳಿಯಲ್ಲಿ ಕುಳಿತು ಜನರ ಮಾತನ್ನು ಕೇಳುವುದು, ಕೇಳಿದುದನ್ನು ತಪ್ಪಿಲ್ಲದೆ ಬರೆದಿಡುವುದು, ತನ್ನ ಊಹೆ ಸುಳ್ಳಾದಾಗ ಒಪ್ಪಿಕೊಳ್ಳುವುದು, ಇವು ಕ್ಷೇತ್ರದಲ್ಲಿಯೇ ಕಲಿಯಬೇಕಾದ ಪಾಠಗಳು.

ಈ ವೃತ್ತಿಯ ಕಷ್ಟವನ್ನೂ ಹೇಳಬೇಕು. ಗುಣವಾದ ರೋಗಿ ವೈದ್ಯನಿಗೆ ಕೈಮುಗಿಯುತ್ತಾನೆ. ಬಾರದ ರೋಗಕ್ಕಾಗಿ ಯಾರೂ ಕೈಮುಗಿಯುವುದಿಲ್ಲ. ಇಲ್ಲಿ ಗೆಲುವೆಂದರೆ ಏನೂ ನಡೆಯದಿರುವುದು.

ಮಂಗನ ಕಾಯಿಲೆ ಇಂದಿಗೂ ಅಳಿದಿಲ್ಲ. ಮಲೆನಾಡಿನಲ್ಲಿ ಚಳಿಗಾಲದಿಂದ ಬೇಸಗೆಯವರೆಗೆ ಅದು ಮರಳಿ ಮರಳಿ ಬರುತ್ತದೆ. ಪರಿಣಾಮ ಸಾಲದೆಂದು ಹಳೆಯ ಲಸಿಕೆಯ ಬಳಕೆ 2022ರಲ್ಲಿ ನಿಂತಿತು. ಕೆಲಸ ಇನ್ನೂ ಉಳಿದಿದೆ. ಅದಕ್ಕೆ ಸಿದ್ಧರಾಗಲು ಪದವಿಯವರೆಗೆ ಕಾಯಬೇಕಾಗಿಲ್ಲ. ನಿಮ್ಮ ಬೀದಿಯಲ್ಲಿ ಈ ತಿಂಗಳು ಎಷ್ಟು ಮಂದಿಗೆ ಜ್ವರ ಬಂದಿತು, ಅವರು ಯಾವ ನೀರು ಕುಡಿದರು, ಎಲ್ಲಿಗೆ ಹೋಗಿದ್ದರು ಎಂದು ವಿಚಾರಿಸಿ ಬರೆದಿಡಿ. ಈ ವಿದ್ಯೆಯ ಮೊದಲ ಪಾಠ ಅದೇ.