ಬಾಗಿಲು ತಟ್ಟುವ ಮುನ್ನ

ಊರಿನಲ್ಲಿ ಲಸಿಕೆ ಹಾಕಿಸದೆ ಉಳಿದವರು ಯಾರು ಎಂದು ಕೇಳಿದರೆ ಹೊರಗಿನವರು ಎಲ್ಲರನ್ನೂ ಒಂದೇ ಗುಂಪಿಗೆ ಸೇರಿಸುತ್ತಾರೆ: ಹಟಮಾರಿಗಳು, ತಿಳಿವಳಿಕೆ ಸಾಲದವರು. ಅದೇ ಪ್ರಶ್ನೆಯನ್ನು ಅನುಭವಸ್ಥ ಆಶಾ ಕಾರ್ಯಕರ್ತೆಯ ಮುಂದಿಡಿ, ಆಕೆ ಬೆರಳು ಮಡಚಿ ಲೆಕ್ಕ ಹೇಳುತ್ತಾಳೆ. ಕೆಳಗಿನ ಕೇರಿಯ ಬಾಣಂತಿ ತವರಿಗೆ ಹೋಗಿದ್ದಾಳೆ. ಇಟ್ಟಿಗೆ ಗೂಡಿನ ಮಕ್ಕಳ ಹೆಸರು ಯಾವ ಊರಿನ ಪಟ್ಟಿಯಲ್ಲೂ ಇಲ್ಲ. ಒಂದು ಮನೆಯಲ್ಲಿ ಹೋದ ಸಲ ಮಗುವಿಗೆ ರಾತ್ರಿಯೆಲ್ಲ ಜ್ವರ ಬಂದಿತ್ತು, ಅತ್ತೆ ಬೇಡ ಅಂದಿದ್ದಾರೆ. ಇನ್ನೊಬ್ಬಾಕೆ ಒಂದು ದಿನ ಕೂಲಿ ಬಿಟ್ಟರೂ ಒಲೆ ಹೊತ್ತುವುದಿಲ್ಲ. ಇವರನ್ನೆಲ್ಲ ಕಳೆದ ಮೇಲೆ ‘ಬೇಡವೇ ಬೇಡ’ ಎನ್ನುವ ಮನೆಗಳು ಒಂದೋ ಎರಡೋ ಉಳಿಯುತ್ತವೆ.

ಈ ವಿಂಗಡಣೆ ಬಲ್ಲವರ ಕಸುಬಿನ ಬಗ್ಗೆ ಈ ಲೇಖನ. ಲಸಿಕೆ ತಯಾರಾಗುವುದು ಕಾರ್ಖಾನೆಯಲ್ಲಿ, ಅದನ್ನು ಕೊಂಡು ಹಂಚುವುದು ದೊಡ್ಡ ಸರ್ಕಾರಗಳು. ಆದರೆ ಯಾವ ಮನೆಗೆ ಯಾರು ಹೋಗಬೇಕು, ಎಷ್ಟು ಹೊತ್ತಿಗೆ ಹೋಗಬೇಕು, ಏನು ಹೇಳಬೇಕು ಎನ್ನುವುದು ಗ್ರಾಮ ಪಂಚಾಯಿತಿಗೆ, ಪಟ್ಟಣದ ವಾರ್ಡಿಗೆ, ಅಲ್ಲಿನ ಆರೋಗ್ಯ ಕೇಂದ್ರಕ್ಕೆ ಮಾತ್ರ ಗೊತ್ತಾಗುವ ಸಂಗತಿ. ಮನವೊಲಿಸುವ ಕೆಲಸದ ಮುಕ್ಕಾಲು ಪಾಲು ಬಾಗಿಲು ತಟ್ಟುವ ಮೊದಲೇ ಮುಗಿದಿರುತ್ತದೆ.

ಪಟ್ಟಿಯಿಂದ ಶುರು

ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ದೇಶದಲ್ಲಿ ಆರಂಭವಾದದ್ದು 1985ರಲ್ಲಿ. ಹುಟ್ಟಿದ ಕೂಡಲೇ ಬಿಸಿಜಿ, ಪೋಲಿಯೊ ಹನಿ, ಹೆಪಟೈಟಿಸ್-ಬಿ, ನಂತರ 6, 10, 14ನೇ ವಾರ, ಒಂಬತ್ತು ತಿಂಗಳು ತುಂಬಿದಾಗ ದಡಾರ-ರುಬೆಲ್ಲಾ, ಆಮೇಲೆ ಬೂಸ್ಟರ್‌ಗಳು. ಒಂದೇ ಊರಿನ ಐವತ್ತು ಮಕ್ಕಳು ಈ ಸರಪಳಿಯ ಐವತ್ತು ಬೇರೆ ಬೇರೆ ಕೊಂಡಿಗಳಲ್ಲಿ ಇರುತ್ತಾರೆ. ಅದಕ್ಕೇ ಪ್ರತಿ ಲಸಿಕಾ ದಿನಕ್ಕೆ ಮೊದಲು ‘ಡ್ಯೂ ಲಿಸ್ಟ್’ ತಯಾರಾಗಬೇಕು. ಯಾವ ಮಗುವಿಗೆ ಈ ಸಲ ಯಾವುದು ಬಾಕಿ ಎಂಬ ಪಟ್ಟಿ ಅದು. ಆಶಾ ಕಾರ್ಯಕರ್ತೆಯ ಪುಸ್ತಕ, ಅಂಗನವಾಡಿಯ ದಾಖಲೆ, ಊರಿನವರು ಸಿಸ್ಟರ್ ಎಂದೇ ಕರೆಯುವ ಆರೋಗ್ಯ ಸಹಾಯಕಿಯ ರಿಜಿಸ್ಟರ್, ಈ ಮೂರನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡಬೇಕು. ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದ ಹೆಸರೇ ಮೊದಲು ಹೋಗಬೇಕಾದ ಮನೆ.

ಪಂಚಾಯಿತಿ ಇಲ್ಲಿ ಕೈಜೋಡಿಸಿದರೆ ಪಟ್ಟಿಗೆ ಕಣ್ಣು ಬರುತ್ತದೆ. ಮನೆ ಕಂದಾಯದ ಪುಸ್ತಕ ಅದರ ಬಳಿ ಇದೆ, ನರೇಗಾ ಜಾಬ್ ಕಾರ್ಡ್‌ಗಳ ವಿವರ ಇದೆ. ಅದಕ್ಕಿಂತ ಮಿಗಿಲಾಗಿ ನೀರುಗಂಟಿ ಇದ್ದಾನೆ. ಯಾವ ಮನೆಗೆ ಹೊಸ ಬಾಡಿಗೆಯವರು ಬಂದರು, ಊರಾಚೆಯ ಯಾವ ಶೆಡ್ಡಿನಲ್ಲಿ ಎಷ್ಟು ಸಂಸಾರ ಇಳಿದುಕೊಂಡಿವೆ ಎನ್ನುವುದು ಕಾಗದಕ್ಕೆ ಹತ್ತುವ ಮೊದಲೇ ಅವನಿಗೆ ಗೊತ್ತು.

ಎಲ್ಲ ಪಟ್ಟಿಗಳಿಂದಲೂ ಜಾರಿಹೋಗುವವರು ಗುಳೆ ಹೋದವರು. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಬಂದ ಕುಟುಂಬದ ಮಗು ಊರಿನ ಪುಸ್ತಕದಲ್ಲಿ ‘ಹಾಜರಿಲ್ಲ’, ಬೆಂಗಳೂರಿನ ಪುಸ್ತಕದಲ್ಲಿ ಹುಟ್ಟಿಯೇ ಇಲ್ಲ. ಕಬ್ಬು ಕಡಿಯುವ ತಂಡಗಳ, ಅಲೆಮಾರಿ ಗುಡಾರಗಳ ಮಕ್ಕಳ ಕಥೆಯೂ ಇದೇ. ಆದ್ದರಿಂದ ಆರೋಗ್ಯ ಇಲಾಖೆಯ ‘ಮೈಕ್ರೊ ಪ್ಲಾನ್’ನಲ್ಲಿ ಇಟ್ಟಿಗೆ ಗೂಡು, ಕಲ್ಲು ಕ್ವಾರಿ, ಕಟ್ಟಡದ ಸೈಟು, ಗುಡಾರಗಳನ್ನು ಪ್ರತ್ಯೇಕವಾಗಿ ಗುರುತಿಸುತ್ತಾರೆ. ಆ ಜನ ಇಂದು ಅಲ್ಲಿದ್ದಾರೆ, ಯುಗಾದಿಗೆ ಇರಲಿಕ್ಕಿಲ್ಲ. ನಕ್ಷೆಯನ್ನು ಮತ್ತೆ ಮತ್ತೆ ತಿದ್ದುತ್ತಿರಬೇಕು.

ಪಲ್ಸ್ ಪೋಲಿಯೊ ಈ ಕಸುಬನ್ನು ಇಡೀ ದೇಶಕ್ಕೆ ಕಲಿಸಿತು. 1995ರಲ್ಲಿ ಶುರುವಾದ ಆ ಅಭಿಯಾನದಲ್ಲಿ ಭಾನುವಾರ ಬೂತ್, ಮುಂದಿನ ದಿನಗಳಲ್ಲಿ ಮನೆ ಮನೆ ಭೇಟಿ. ಹನಿ ಹಾಕಿಸಿಕೊಂಡ ಮಗುವಿನ ಎಡಗೈ ಕಿರುಬೆರಳಿಗೆ ಶಾಯಿಯ ಗುರುತು. ಮನೆಯ ಗೋಡೆಗೆ ಸೀಮೆಸುಣ್ಣದ ಗುರುತು: ಎಲ್ಲ ಮಕ್ಕಳಿಗೂ ಹನಿ ಬಿದ್ದಿದ್ದರೆ ‘ಪಿ’, ಯಾವುದಾದರೂ ಮಗು ಬಿಟ್ಟುಹೋಗಿದ್ದರೆ ಅಥವಾ ಬೀಗ ಹಾಕಿದ್ದರೆ ‘ಎಕ್ಸ್’. ಎಕ್ಸ್ ಬಿದ್ದ ಮನೆಗೆ ಮತ್ತೆ ಹೋಗಲೇಬೇಕು. ಬೀಗ ಹಾಕಿದ ಮನೆಯವರು ಎಷ್ಟು ಹೊತ್ತಿಗೆ ಹಿಂದಿರುಗುತ್ತಾರೆ ಎಂದು ಪಕ್ಕದ ಮನೆಯಲ್ಲಿ ವಿಚಾರಿಸಿ ಆ ಹೊತ್ತಿಗೇ ಹೋಗುವುದು ಇದರ ಒಳಗುಟ್ಟು. ಬಸ್ ನಿಲ್ದಾಣ, ರೈಲು ನಿಲ್ದಾಣಗಳಲ್ಲಿ ನಿಂತವರು ದಾರಿಯ ಮೇಲಿನ ಮಕ್ಕಳನ್ನು ಹಿಡಿಯುತ್ತಿದ್ದರು. ದೇಶದ ಕೊನೆಯ ಕಾಡು ಪೋಲಿಯೊ ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾದಲ್ಲಿ ಕಂಡಿತು. 2014ರ ಮಾರ್ಚ್ 27ರಂದು ಭಾರತವೂ ಸೇರಿದಂತೆ ಆಗ್ನೇಯ ಏಷ್ಯಾ ವಲಯಕ್ಕೆ ಪೋಲಿಯೊ ಮುಕ್ತ ಪ್ರಮಾಣಪತ್ರ ಸಿಕ್ಕಿತು.

ಹೇಳಿದ ದಿನ, ಹೇಳಿದ ಜಾಗ

ಜನರನ್ನು ಕರೆತರಲು ಏನು ಮಾಡಬೇಕು ಎಂಬುದಕ್ಕೆ ಒಳ್ಳೆಯ ಉತ್ತರ ರಾಜಸ್ಥಾನದ ಉದಯಪುರ ಜಿಲ್ಲೆಯ ಹಳ್ಳಿಗಳಿಂದ ಬಂದಿದೆ. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಸೇವಾ ಮಂದಿರ ಸಂಸ್ಥೆಯ ಜತೆ ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಮೊದಲಿನಂತೆಯೇ ಬಿಟ್ಟ ಹಳ್ಳಿಗಳಲ್ಲಿ ಎಲ್ಲ ಲಸಿಕೆ ಪೂರೈಸಿದ ಮಕ್ಕಳು ಶೇ 6. ತಪ್ಪದೆ ನಿಗದಿತ ದಿನ ಶಿಬಿರ ನಡೆದ ಹಳ್ಳಿಗಳಲ್ಲಿ ಶೇ 18. ಶಿಬಿರದ ಜತೆಗೆ ಪ್ರತಿ ಸಲ ಒಂದು ಕಿಲೊ ಬೇಳೆ, ಎಲ್ಲ ಮುಗಿದಾಗ ಊಟದ ತಟ್ಟೆಗಳನ್ನು ಕೊಟ್ಟ ಕಡೆ ಶೇ 39. ಬೇಳೆ ಕೊಟ್ಟರೆ ಖರ್ಚು ಹೆಚ್ಚುತ್ತದೆ ಎಂದುಕೊಳ್ಳುವವರಿಗೆ ಇಲ್ಲೊಂದು ಅಚ್ಚರಿ ಇದೆ. ಸಿಬ್ಬಂದಿ ಹೇಗೂ ಶಿಬಿರ ಮುಗಿಯುವವರೆಗೆ ಕೂತಿರುತ್ತಾರೆ. ಬರುವ ಮಕ್ಕಳು ಹೆಚ್ಚಾದಷ್ಟೂ ಒಂದು ಮಗುವಿಗೆ ಬೀಳುವ ಖರ್ಚು ಇಳಿಯಿತು.

ಇದರಲ್ಲಿ ಮೊದಲ ಜಿಗಿತವನ್ನು ಗಮನಿಸಬೇಕು. ಬೇಳೆಯಿಲ್ಲ, ತಟ್ಟೆಯಿಲ್ಲ, ಹೇಳಿದ ದಿನ ಬಾಗಿಲು ತೆರೆದಿದ್ದ ಕಡೆ ಮೂರು ಪಟ್ಟು. ಮೂರು ಮೈಲಿ ಮಗು ಹೊತ್ತು ಬಂದ ತಾಯಿ ಒಮ್ಮೆ ‘ಇವತ್ತು ಸಿಸ್ಟರ್ ಬಂದಿಲ್ಲ’ ಎಂಬ ಮಾತು ಕೇಳಿ ಹಿಂದಿರುಗಿದರೆ, ಮುಂದಿನ ಸಲ ಆಕೆಯನ್ನು ಕರೆತರುವುದು ಹತ್ತು ಪಟ್ಟು ಕಷ್ಟ.

ಹೇಳಿದ ದಿನ ಬಾಗಿಲು ತೆರೆದಿರುವುದರ ಹಿಂದಿನ ಶ್ರಮ ನೋಡಬೇಕಾದರೆ ಆರೋಗ್ಯ ಕೇಂದ್ರಕ್ಕೆ ಬೆಳಿಗ್ಗೆಯೇ ಹೋಗಬೇಕು. ಲಸಿಕೆಗಳು 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆಯೇ ಇರಬೇಕು. ಫ್ರೀಜರಿನಿಂದ ತೆಗೆದ ಐಸ್ ಪ್ಯಾಕುಗಳನ್ನು ನೇರವಾಗಿ ಲಸಿಕೆ ಒಯ್ಯುವ ಪೆಟ್ಟಿಗೆಗೆ ತುಂಬುವಂತಿಲ್ಲ. ತುಂಬಿದರೆ ಪೆಂಟಾವೇಲೆಂಟ್, ಟಿಡಿಯಂಥ ಲಸಿಕೆಗಳು ಹೆಪ್ಪುಗಟ್ಟಿ ಕೆಡುತ್ತವೆ. ಪ್ಯಾಕುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ಮೈ ಬೆವರುವವರೆಗೆ ಕಾಯಬೇಕು. ಸಿಸ್ಟರ್ ಒಂದೊಂದನ್ನೇ ಎತ್ತಿ ಕಿವಿಯ ಬಳಿ ಅಲ್ಲಾಡಿಸುತ್ತಾರೆ. ಒಳಗೆ ನೀರು ಗುಳುಗುಳು ಅಂದರೆ ಸರಿ, ನಾಲ್ಕೂ ಪ್ಯಾಕು ಪೆಟ್ಟಿಗೆಗೆ. ಆಮೇಲೆ ವಯಲ್‌ನ ಮೇಲಿನ ಗುರುತು ನೋಡುತ್ತಾರೆ. ಬಣ್ಣದ ವೃತ್ತದೊಳಗೆ ಪುಟ್ಟ ಚೌಕ. ಚೌಕ ವೃತ್ತಕ್ಕಿಂತ ತಿಳಿಯಾಗಿದ್ದರೆ ಬಳಸಬಹುದು, ಶಾಖ ತಾಗಿ ಎರಡೂ ಒಂದೇ ಬಣ್ಣಕ್ಕೆ ತಿರುಗಿದ್ದರೆ ಪಕ್ಕಕ್ಕಿಡಬೇಕು. ದಡಾರ-ರುಬೆಲ್ಲಾ ಲಸಿಕೆಯ ಪುಡಿಗೆ ದ್ರಾವಣ ಬೆರೆಸಿದ ಮೇಲೆ ಆಯುಸ್ಸು ನಾಲ್ಕೇ ಗಂಟೆ. ಹಾಗಿದ್ದರೂ ಒಂದೇ ಮಗು ಬಂದರೂ ಹೊಸ ವಯಲ್ ಒಡೆಯಬೇಕು ಎನ್ನುವುದು ನಿಯಮ. ಬಂದವರನ್ನು ಬರಿಗೈಲಿ ಕಳಿಸಬಾರದು.

ಪಂಚಾಯಿತಿಯ ಪಾಲು ಸರಳವಾಗಿ ಕಾಣುತ್ತದೆ: ನೆರಳು, ಕುಡಿಯುವ ನೀರು, ಕುರ್ಚಿ, ಶೌಚಾಲಯ, ನಡೆಯಲಾಗದವರಿಗೆ ಒಂದು ಗಾಡಿ. ಕೋವಿಡ್ ಲಸಿಕೆಯ ಕಾಲದಲ್ಲಿ ನರೇಗಾ ಕೆಲಸದ ಜಾಗಕ್ಕೇ ಪೆಟ್ಟಿಗೆ ಒಯ್ದ ಕಡೆಗಳಲ್ಲಿ ಕೂಲಿ ತಪ್ಪುವ ಚಿಂತೆಯೂ ಇಲ್ಲವಾಯಿತು.

ಸುದ್ದಿ ಯಾರ ಬಾಯಲ್ಲಿ?

ಊರಿಗೆ ಸುದ್ದಿ ಮುಟ್ಟಿಸುವುದು ಹೇಗೆಂಬುದನ್ನು ಪರೀಕ್ಷಿಸಿದ ಒಂದು ಪ್ರಯೋಗ ಕರ್ನಾಟಕದ 213 ಹಳ್ಳಿಗಳಲ್ಲೇ ನಡೆದಿದೆ. ಅರುಣ್ ಚಂದ್ರಶೇಖರ್, ಮ್ಯಾಥ್ಯೂ ಜಾಕ್ಸನ್ ಅವರೂ ಇದ್ದ ಬ್ಯಾನರ್ಜಿ-ಡುಫ್ಲೊ ತಂಡ ಹಳ್ಳಿಯವರನ್ನು ಕೇಳಿದ ಪ್ರಶ್ನೆಯ ಸಾರ ಇಷ್ಟೇ: ನಿಮ್ಮೂರಲ್ಲಿ ನಾಟಕವೋ ಜಾತ್ರೆಯೋ ಇದೆ ಎಂದು ಎಲ್ಲರಿಗೂ ತಿಳಿಯಬೇಕಾದರೆ ನಾವು ಯಾರಿಗೆ ಹೇಳಬೇಕು? ಹೀಗೆ ಜನರೇ ಹೆಸರಿಸಿದವರ ಕಿವಿಗೆ ಹಾಕಿದ ಸುದ್ದಿ, ಊರ ಹಿರಿಯರಿಗೆ ಹೇಳಿದ್ದಕ್ಕಿಂತ ದೂರ ಹಬ್ಬಿತು. ಇದೇ ಉಪಾಯವನ್ನು ಹರಿಯಾಣದಲ್ಲಿ ಮಕ್ಕಳ ಲಸಿಕೆಗೆ ಬಳಸಿದಾಗ ಶಿಬಿರಕ್ಕೆ ಬರುವವರ ಸಂಖ್ಯೆ ಏರಿತು. ಚಹದಂಗಡಿಯವನು, ರವಿಕೆ ಹೊಲಿಯುವಾಕೆ, ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುವಾಕೆ, ಹಾಗೆ ಸುದ್ದಿ ಹಬ್ಬಿಸುವವರು ಯಾರಾದರೂ ಆಗಬಹುದು. ಜಾಣ ಪಿಡಿಓ ಇಂಥವರ ಫೋನ್ ನಂಬರ್ ಇಟ್ಟುಕೊಂಡಿರುತ್ತಾನೆ.

ತಮಟೆ, ಕಸದ ಗಾಡಿಯ ಮೈಕು ಇವೂ ಬೇಕು. ಆದರೆ ಏನು ಕೂಗಬೇಕು? ‘ಲಸಿಕೆ ಹಾಕಿಸಿ, ಜೀವ ಉಳಿಸಿ’ ಎಂಬ ಘೋಷಣೆ ಕಿವಿಗೆ ಬಿದ್ದು ಗಾಳಿಗೆ ಹೋಗುತ್ತದೆ. ‘ನಾಳೆ ಗುರುವಾರ ಒಂಬತ್ತೂವರೆಗೆ, ಮಾರಮ್ಮನ ಗುಡಿ ಪಕ್ಕದ ಅಂಗನವಾಡಿಯಲ್ಲಿ, ತಾಯಿ ಕಾರ್ಡ್ ತನ್ನಿ’ ಎಂದರೆ ಕೇಳಿದಾಕೆ ನಾಳಿನ ಕೆಲಸವನ್ನು ಆ ಲೆಕ್ಕಕ್ಕೆ ಹೊಂದಿಸಿಕೊಳ್ಳುತ್ತಾಳೆ.

ಹೊಸ್ತಿಲ ಬಳಿಯ ಮಾತು

ಇಷ್ಟೆಲ್ಲ ಆದ ಮೇಲೆ ಉಳಿಯುವುದು ಅಳುಕಿನ ಮನೆ. ಅಲ್ಲಿ ಪಳಗಿದ ಆಶಾ ಕಾರ್ಯಕರ್ತೆ ಉಪದೇಶದಿಂದ ಶುರು ಮಾಡುವುದಿಲ್ಲ. ಜಗಲಿಯ ಮೇಲೆ ಕೂತು, ‘ಅಜ್ಜಿ, ಹೋದ ಸಲ ಮಗೂಗೆ ಜ್ವರ ಬಂತಂತಲ್ಲ, ಎಷ್ಟು ದಿನ ಇತ್ತು?’ ಎಂದು ಕೇಳುತ್ತಾಳೆ. ಅಜ್ಜಿ ತನ್ನ ಆ ರಾತ್ರಿಯ ಸಂಕಟವನ್ನೆಲ್ಲ ಹೇಳಿ ಮುಗಿಸುವವರೆಗೆ ಬಾಯಿ ಹಾಕುವುದಿಲ್ಲ. ಆಮೇಲೆ, ‘ಜ್ವರ ಬರಲ್ಲ ಅಂತ ನಾನು ಹೇಳಲ್ಲ ಅಜ್ಜಿ. ಈ ಸಲಾನೂ ಒಂದೆರಡು ದಿನ ಬರಬಹುದು. ಸಿಸ್ಟರ್ ಔಷಧಿ ಕೊಡ್ತಾರೆ. ರಾತ್ರಿ ಎಷ್ಟೊತ್ತಾದ್ರೂ ಫೋನ್ ಮಾಡ್ಸಿ, ಬೆಳಿಗ್ಗೆ ನಾನೇ ಬಂದು ನೋಡ್ತೀನಿ’ ಎನ್ನುತ್ತಾಳೆ. ಮರುದಿನ ಬೆಳಿಗ್ಗೆ ನಿಜಕ್ಕೂ ಹೋಗುತ್ತಾಳೆ. ಆ ಭೇಟಿ ಮುಂದಿನ ಡೋಸಿಗೆ ಹಾಕಿದ ಬೀಜ.

ಲಸಿಕೆ ಹಾಕಿದ ಮೇಲೂ ಸಿಸ್ಟರ್ ನಾಲ್ಕು ಮಾತು ಹೇಳಲೇಬೇಕು: ಯಾವ ಲಸಿಕೆ ಹಾಕಿದೆ, ಅದು ಯಾವ ರೋಗ ತಡೆಯುತ್ತದೆ; ಏನು ತೊಂದರೆ ಕಾಣಬಹುದು, ಕಂಡರೆ ಏನು ಮಾಡಬೇಕು; ಮತ್ತೆ ಯಾವಾಗ ಬರಬೇಕು; ಕಾರ್ಡ್ ಜೋಪಾನ. ಅರ್ಧ ಗಂಟೆ ಅಲ್ಲೇ ಕೂರಿಸುವುದು ಮಗುವಿನ ಮೇಲೆ ನಿಗಾ ಇಡಲು; ಅಕ್ಕಪಕ್ಕದ ತಾಯಂದಿರು ಮಾತಾಡಿಕೊಂಡು ಧೈರ್ಯ ತಂದುಕೊಳ್ಳುವುದು ಅದರ ಇನ್ನೊಂದು ಲಾಭ.

ಗಾಳಿಸುದ್ದಿಗೆ ಮದ್ದೂ ಹೀಗೇ ಹತ್ತಿರದಿಂದಲೇ ಬರಬೇಕು. 2017ರ ಫೆಬ್ರವರಿಯಲ್ಲಿ ಕರ್ನಾಟಕವೂ ಸೇರಿ ಐದು ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳಲ್ಲಿ 9 ತಿಂಗಳಿಂದ 15 ವರ್ಷದೊಳಗಿನ ಮಕ್ಕಳಿಗೆ ದಡಾರ-ರುಬೆಲ್ಲಾ ಅಭಿಯಾನ ನಡೆದಾಗ ವಾಟ್ಸ್‌ಆ್ಯಪ್‌ನಲ್ಲಿ ವದಂತಿಗಳು ಹರಿದಾಡಿದವು. ಅಂಥ ಹೊತ್ತಿನಲ್ಲಿ ಸರ್ಕಾರದ ಪ್ರಕಟಣೆಗಿಂತ, ಹೆಡ್‌ಮಾಸ್ಟರು ಕರೆದ ಪೋಷಕರ ಸಭೆಯಲ್ಲಿ ಆರೋಗ್ಯ ಕೇಂದ್ರದ ಡಾಕ್ಟರು ಕೂತು ಒಂದೊಂದೇ ಪ್ರಶ್ನೆಗೆ ಉತ್ತರಿಸುವುದು, ಪಂಚಾಯಿತಿ ಸದಸ್ಯರು ತಮ್ಮ ಮಕ್ಕಳನ್ನೇ ಮೊದಲು ಸಾಲಿನಲ್ಲಿ ನಿಲ್ಲಿಸುವುದು ಹೆಚ್ಚು ತೂಗುತ್ತದೆ.

ಬೆದರಿಕೆ ಎಲ್ಲಿ ಸೋಲುತ್ತದೆ

ಕೋವಿಡ್ ಕಾಲದಲ್ಲಿ ಕೆಲವೆಡೆ ಲಸಿಕೆ ಹಾಕಿಸದಿದ್ದರೆ ಪಡಿತರವಿಲ್ಲ ಎಂಬ ಮಾತು ಬಂತು, ವಿರೋಧವೂ ಎದ್ದಿತು. ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ ಎಂದು 2022ರ ಮೇ 2ರಂದು ಸುಪ್ರೀಂ ಕೋರ್ಟ್ ಹೇಳಿತು. ಕಾನೂನು ಹಾಗಿರಲಿ, ಕಸುಬಿನ ದೃಷ್ಟಿಯಿಂದಲೂ ಬೆದರಿಕೆ ದುಬಾರಿ. ಕಿಲೊ ಬೇಳೆ ಕೊಟ್ಟ ಶಿಬಿರವನ್ನು ತಾಯಿ ನೆನಪಿಟ್ಟುಕೊಂಡು ಮತ್ತೆ ಬರುತ್ತಾಳೆ. ಅಕ್ಕಿ ತಡೆದ ಕಚೇರಿಯನ್ನೂ ನೆನಪಿಟ್ಟುಕೊಳ್ಳುತ್ತಾಳೆ. ಒಂದು ಮಗುವಿಗೆ ಹದಿನಾರು ವರ್ಷದವರೆಗೆ ಲಸಿಕೆ ಹಾಕಬೇಕು. ಅಷ್ಟು ದೀರ್ಘ ಸಂಬಂಧ ಹೆದರಿಕೆಯ ಮೇಲೆ ನಿಲ್ಲುವುದಿಲ್ಲ.

ಈ ಕೆಲಸಕ್ಕೆ ಊರಿನ ಕೈಯಲ್ಲೇ ಒಂದಿಷ್ಟು ಅಧಿಕಾರವಿದೆ. ಪಂಚಾಯಿತಿ ಸದಸ್ಯರೂ ಆಶಾ ಕಾರ್ಯಕರ್ತೆಯೂ ಇರುವ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೋಷಣಾ ಸಮಿತಿಗೆ ವರ್ಷಕ್ಕೆ 10,000 ರೂಪಾಯಿವರೆಗೆ ಮುಕ್ತ ನಿಧಿ ಸಿಗುತ್ತದೆ. ಮೊತ್ತ ಚಿಕ್ಕದು, ಆದರೆ ಶಾಮಿಯಾನಕ್ಕೆ, ಆಟೊ ಬಾಡಿಗೆಗೆ ಸಾಕು. ಮುಂದಿನ ಗ್ರಾಮಸಭೆಗೆ ಹೋಗುವವರು ಶೇಕಡಾವಾರು ಸಾಧನೆ ಕೇಳುವ ಬದಲು ಮೂರು ಪ್ರಶ್ನೆ ಕೇಳಬಹುದು. ಈ ತಿಂಗಳು ಲಸಿಕಾ ದಿನ ಎಂದಾದರೂ ತಪ್ಪಿತೇ? ಡ್ಯೂ ಲಿಸ್ಟಿನಲ್ಲಿ ಉಳಿದ ಮಕ್ಕಳು ಎಷ್ಟು, ಪ್ರತಿಯೊಬ್ಬರೂ ಉಳಿದದ್ದು ಏಕೆ? ಊರಾಚೆಯ ಶೆಡ್ಡುಗಳಿಗೆ ಕೊನೆಯ ಸಲ ಯಾರು ಹೋಗಿದ್ದರು? ಮೂರಕ್ಕೂ ತಡವರಿಸದೆ ಉತ್ತರ ಬಂದರೆ ಆ ಪಂಚಾಯಿತಿಗೆ ಕಸುಬು ಗೊತ್ತಿದೆ ಎಂದೇ ಲೆಕ್ಕ.