ಕಿರುಧಾನ್ಯದ ಗಿರಣಿಯೂ ರೈತಮಹಿಳೆಯರ ಸಂಪಾದನೆಯೂ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳು ಮಳೆ ಕಡಮೆಯಾದ ಸೀಮೆಗೆ ಸೇರಿದವು. ೧೯೦೭ರಲ್ಲಿ ಮಾರಿಕಣಿವೆಯ ಅಣೆಕಟ್ಟು ಪೂರ್ತಿಯಾಗಿ ಹಿರಿಯೂರಿನ ಕೆಲವು ಗ್ರಾಮಗಳಿಗೆ ನಾಲೆಯ ನೀರು ದೊರೆಯಿತಾದರೂ, ಖುಷ್ಕಿ ಜಮೀನಿಗೆ ಮಳೆಯೇ ಆಧಾರ. ಇಂಥ ನೆಲದಲ್ಲಿ ಸಾಮೆ, ನವಣೆ, ಹಾರಕಗಳು ಅಲ್ಪ ಮಳೆಗೂ ಫಸಲು ಕೊಡತಕ್ಕವೆಂಬುದು ಸರ್ವವಿದಿತ.

ಹೀಗಿದ್ದೂ ಇವುಗಳ ಬೇಸಾಯವು ಹಿಂದೆ ಬಿದ್ದುದಕ್ಕೆ ಒಂದು ಕಾರಣ ಹೊಲದಲ್ಲಿಲ್ಲ, ಒರಳಿನಲ್ಲಿದೆ. ರಾಗಿಯನ್ನು ಒಕ್ಕಿ ತೂರಿದರೆ ಬೀಸಬಹುದು. ಸಾಮೆ ನವಣೆಗಳಿಗಾದರೋ ಕಾಳಿಗೆ ಬಿಗಿದ ಹೊಟ್ಟು ಉಂಟು. ಹಾರಕದ ಹೊಟ್ಟು ಮತ್ತಷ್ಟು ಗಟ್ಟಿ. ಇದನ್ನು ಒನಕೆಯಿಂದ ಕುಟ್ಟಿ, ಮೊರದಲ್ಲಿ ಕೇರಿ, ಅಕ್ಕಿ ಮಾಡುವ ಶ್ರಮವೆಲ್ಲವೂ ಹೆಂಗಸರ ಪಾಲಿನದಾಗಿತ್ತು. ಹೊಟ್ಟುಸಹಿತ ಕಾಳನ್ನೇ ಮಾರಿದರೆ ಅಕ್ಕಿಯ ಲಾಭವು ಪರಸ್ಥಳದ ಗಿರಣಿಗೆ ಸೇರುತ್ತದೆ. ೨೦೧೯-೨೦ರ ರೈತಸಿರಿ ಯೋಜನೆಯು ಕಿರುಧಾನ್ಯ ಬೆಳೆದವರಿಗೆ ಹೆಕ್ಟೇರಿಗೆ ೧೦,೦೦೦ ರೂಪಾಯಿ ಪ್ರೋತ್ಸಾಹಧನ ಗೊತ್ತುಮಾಡಿತು. ಆದರೆ ಹೊಟ್ಟು ತೆಗೆಯುವ ಅನುಕೂಲವು ಸಮೀಪದಲ್ಲಿಲ್ಲದಿದ್ದರೆ ಬೆಳೆದ ಫಲವು ಅರ್ಧವೇ ಕೈಸೇರುತ್ತದೆ.

ಆದಕಾರಣ ಹೆಂಗಸರ ಸ್ವಸಹಾಯ ಸಂಘದ ವಶದಲ್ಲಿ ಗ್ರಾಮದಲ್ಲಿಯೇ ಸಣ್ಣ ಗಿರಣಿಯೊಂದನ್ನು ಸ್ಥಾಪಿಸುವುದು ಉಚಿತ. ಕಾಳನ್ನು ಚೆನ್ನಾಗಿ ಒಣಗಿಸಿ, ಕಲ್ಲುಮಣ್ಣು ತೆಗೆದು, ಗಾತ್ರಕ್ಕನುಸಾರ ಬೇರ್ಪಡಿಸಿ ಯಂತ್ರಕ್ಕೆ ಹಾಕತಕ್ಕದ್ದು. ಹಾಗಿಲ್ಲದಿದ್ದರೆ ನುಚ್ಚು ಹೆಚ್ಚಾಗುವುದು. ಹೊಟ್ಟಿರುವ ಕಾಳು ಬಹುಕಾಲ ಕೆಡುವುದಿಲ್ಲ. ತೌಡಿನಲ್ಲಿ ಜಿಡ್ಡಿರುವುದರಿಂದ ಅಕ್ಕಿಯೂ ಹಿಟ್ಟೂ ಬೇಗ ಕಮಟು ಹಿಡಿಯುತ್ತವೆ. ಆದ್ದರಿಂದ ಕಾಳನ್ನು ದಾಸ್ತಾನಿಟ್ಟು, ಗಿರಾಕಿಯ ಬೇಡಿಕೆಯಂತೆ ಸ್ವಲ್ಪ ಸ್ವಲ್ಪವಾಗಿ ಅಕ್ಕಿ ಮಾಡುವುದು ಲೇಸು.

ಬಂಡವಾಳಕ್ಕೆ ೨೦೨೦ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕಿರು ಆಹಾರ ಸಂಸ್ಕರಣಾ ಯೋಜನೆಯು ದಾರಿ ತೋರಿಸಿತು. ಯಂತ್ರದ ವೆಚ್ಚಕ್ಕೆ ಬ್ಯಾಂಕಿನ ಸಾಲದೊಡನೆ ಶೇಕಡ ೩೫ರಷ್ಟು, ೧೦ ಲಕ್ಷ ರೂಪಾಯಿಗೆ ಮೀರದಂತೆ, ಕೇಂದ್ರ ಯೋಜನೆಯ ಸಹಾಯಧನವನ್ನೂ, ಸಂಘದ ಸದಸ್ಯೆಯೊಬ್ಬಳಿಗೆ ೪೦,೦೦೦ ರೂಪಾಯಿವರೆಗೆ ಮೂಲಧನವನ್ನೂ ಅದರಲ್ಲಿ ಗೊತ್ತುಪಡಿಸಲಾಯಿತು. ಅರ್ಜಿ ಹಾಕುವ ಮುನ್ನ ಚಾಲ್ತಿಯಲ್ಲಿರುವ ನಿಯಮಗಳನ್ನು ರೈತಸಂಪರ್ಕ ಕೇಂದ್ರದಲ್ಲಿ ವಿಚಾರಿಸುವುದು ಅವಶ್ಯಕ. ಹಿರಿಯೂರಿನ ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರದಲ್ಲಿಯೂ ಸಲಹೆ ಕೇಳಬಹುದು.

ಹಣಕ್ಕಿಂತಲೂ ಮುಖ್ಯವಾದುದು ಗ್ರಾಮಮುಖಂಡರ ಮತ್ತು ಭೂಮಾಲೀಕರ ಬೆಂಬಲ. ಅವರು ಮಾಡತಕ್ಕ ಕಾರ್ಯಗಳು ಮೂರು: ಒಂದನೆಯದು, ವಿದ್ಯುತ್ತಿನ ಅನುಕೂಲವುಳ್ಳ ಕೊಠಡಿಯೊಂದನ್ನು ಲಿಖಿತ ಕರಾರಿನ ಮೇಲೆ ಸಂಘಕ್ಕೆ ಗೇಣಿಗೆ ಕೊಡುವುದು. ಎರಡನೆಯದು, ತಮ್ಮ ಫಸಲಿನಲ್ಲಿ ಒಂದು ಭಾಗವನ್ನು ಆ ಗಿರಣಿಗೇ ಹಾಕಿಸುವುದು. ಕಾಳು ಬಾರದ ಗಿರಣಿ ಸಾಲ ತೀರಿಸಲಾರದು. ಮೂರನೆಯದು, ಲೆಕ್ಕವೂ ಬ್ಯಾಂಕಿನ ಖಾತೆಯೂ ಸಂಘದ ಹೆಂಗಸರ ಕೈಯಲ್ಲಿಯೇ ಇರುವಂತೆ ನೋಡಿಕೊಳ್ಳುವುದು. ಗಂಡಸರ ಹೆಸರಿನಲ್ಲಿ ಗಿರಣಿ ನಡೆದು ಹೆಂಗಸರಿಗೆ ಬರಿಯ ಕೂಲಿ ಉಳಿದರೆ, ಒನಕೆಯ ದುಡಿಮೆ ಯಂತ್ರದ ದುಡಿಮೆಯಾಗಿ ಬದಲಾದೀತೇ ಹೊರತು ಸಂಪಾದನೆ ಅವರದಾಗದು.

ಮುಂಗಾರು ಬಿತ್ತನೆಗೆ ಮೊದಲೇ ಊರಿನ ಸಭೆಯಲ್ಲಿ ಈ ವಿಷಯವನ್ನು ನಿಶ್ಚಯಿಸಿಕೊಂಡರೆ, ಸುಗ್ಗಿಯ ಹೊತ್ತಿಗೆ ಗಿರಣಿಯನ್ನು ಸಿದ್ಧಪಡಿಸಿಕೊಳ್ಳಲು ಅವಕಾಶವಾಗುತ್ತದೆ.